ಅಳು ಬಿಡಿಸಿದವರು

ಛತ್ರಪತಿ ಸಂಭಾಜಿನಗರ
16 ಜೂನ್ 2024

ರುಚಿತಾ,

ನಿನ್ನ ಅತ್ತೆ ಸುಖವಾಗಿ ಬಂದು ತಲುಪಿದಳು ಎಂದು ಭಾನುಮತಿ ನಿನಗೆ ಮೆಸೇಜು ಹಾಕಿದ್ದಾಳಂತೆ. ಸುಖವಾಗಿ ಎಂಬ ಮಾತು ನನ್ನ ಮಗಳದು. ನಾನು ಬಂದು ತಲುಪಿದೆ, ಅಷ್ಟೇ.

ಫೋನು ಮಾಡಬೇಡಿ ಎಂದು ನೀನು ಹೇಳಿದ್ದು ನೆನಪಿದೆ. ನನ್ನ ದನಿ ಫೋನಿನಿಂದ ಹೊರಬಿದ್ದರೂ ಪ್ರಾಚಿ ಕನ್ನಡ ಕೇಳಿಸಿಕೊಳ್ಳುತ್ತಾಳೆ, ಥೆರಪಿ ಸೆಂಟರಿನ ಮೇಡಂ ಒಪ್ಪುವುದಿಲ್ಲ. ಹಾಗಾಗಿ ಈ ಕಾಗದ. ಮೂವತ್ತನಾಲ್ಕು ವರ್ಷ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದವಳ ಬಾಯಿಯನ್ನು ಸ್ವಂತ ಮೊಮ್ಮಗಳ ಎದುರಿಗೆ ಮುಚ್ಚಿಸಿದರು ನೋಡು. ಆಟಿಸಂ ಇರುವ ಮಗುವಿಗೆ ಮನೆಯಲ್ಲಿ ಎರಡು ಭಾಷೆ ಕೇಳಿಸಬಾರದು, ಮರಾಠಿಯೊಂದೇ ಇರಲಿ ಎಂದರಂತೆ. ಮರಾಠಿ ಬಾರದ ಅಜ್ಜಿ ಮನೆಯಲ್ಲಿರಬಾರದು ಎಂದೇ ಅದರ ಅರ್ಥ. ಗುರುಬಸವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಗನಿಗೆ ಬ್ಯಾಂಕಿನಲ್ಲಿ ಊರ ಮಂದಿಯ ಹತ್ತಿರವೆಲ್ಲ ಮಾತಾಡಲು ಬರುತ್ತದೆ, ತಾಯಿಯ ಹತ್ತಿರ ಮಾತ್ರ ಬರುವುದಿಲ್ಲ. “ಅವ್ವಾ, ಸ್ವಲ್ಪ ದಿನಾ ಅಕ್ಕನ ಕಡೆ ಇದ್ದು ಬರ್ತೀಯೇನು?” ಎಂದು ಕೇಳಿದಾಗಲೇ ಟಿಕೀಟು ಅವನ ಜೇಬಿನಲ್ಲಿತ್ತು.

ನನಗೆ ಸಿಟ್ಟು ಇಲ್ಲ ಎಂದು ಬರೆಯುವುದಿಲ್ಲ. ಇದೆ. ಆದರೆ ಆ ಕೊನೆಯ ಮೂರು ವಾರ ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತದ್ದು ನಿನಗೆ ಗೊತ್ತು. ಐದೂವರೆ ವರ್ಷದ ಕೂಸು ಹತ್ತಿರ ಬಂದು ನನ್ನ ಗದ್ದ ಹಿಡಿದು ಎಳೆಯುತ್ತಿತ್ತು, ಮಾತಾಡು ಎಂದು. ನಾನು ಮುಖ ಆಚೆ ತಿರುಗಿಸಬೇಕಿತ್ತು. ಅದಕ್ಕಿಂತ ಇಲ್ಲಿರುವುದೇ ವಾಸಿ.

ತೊಂಬತ್ತು ದಿನ ಬಿಡದಂತೆ ಅವಳು ಕಿರಿಚಾಡದೆ ಇದ್ದರೆ ಕನ್ನಡವನ್ನು ಸ್ವಲ್ಪಸ್ವಲ್ಪ ಶುರು ಮಾಡಬಹುದು ಎಂದು ಮೇಡಂ ಹೇಳಿದರಲ್ಲ, ಅದನ್ನು ನಾನು ಹಿಡಿದುಕೊಂಡಿದ್ದೇನೆ. ಕಿರಿಚದ ದಿನಕ್ಕೊಂದರಂತೆ ಚಾರ್ಟಿನಲ್ಲಿ ಎಷ್ಟು ಚುಕ್ಕಿ ಬಿದ್ದವು ಎಂದು ಪ್ರತಿ ಕಾಗದದಲ್ಲೂ ಬರೆ. ಭಾನುಮತಿಯ ಗಂಡ ಮನ್ಮಾಡಿನಿಂದ ಶನಿವಾರಕ್ಕೊಮ್ಮೆ ಬರುತ್ತಾನೆ, ವಾಪಸು ಹೋದಾಗ ನಾಸಿಕಕ್ಕೆ ತಲುಪಿಸಲು ಅವನ ಕೈಯಲ್ಲಿ ಕಡಕ್ ರೊಟ್ಟಿ ಕಳಿಸುತ್ತೇನೆ. ಪ್ರಾಚಿಗೆ ಅದು ಕಟುಮ್ ಎನ್ನುವ ಸದ್ದೇ ಇಷ್ಟ.

ನಿನ್ನ ಅತ್ತೆ,
ಸುಮಂಗಲಾ


ನಾಸಿಕ
9 ಜುಲೈ 2024

ಅತ್ತೆಯವರಿಗೆ ರುಚಿತಾಳ ನಮಸ್ಕಾರ.

ಇದನ್ನು ಸೆಂಟರಿನ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹತ್ತರಿಂದ ಒಂದರವರೆಗೆ ಪ್ರಾಚಿ ಒಳಗೆ, ನಾನು ಇಲ್ಲಿ. ಒಳಗಿನಿಂದ ಅವಳ ದನಿ ಕೇಳಿದರೆ ಎದ್ದು ಹೋಗುವ ಹಾಗಿಲ್ಲ.

ಚುಕ್ಕಿಯ ಮಾತು ಕೇಳಬೇಡಿರಿ. ಒಮ್ಮೆ ಹನ್ನೊಂದಕ್ಕೆ ಹೋಗಿತ್ತು. ಒಂದು ದಿನ ಕಿರಿಚಿದರೂ ಮತ್ತೆ ಒಂದರಿಂದ ಎಣಿಸಬೇಕು. ಹೋದ ವಾರದಿಂದ ಒಂದು ಹೊಸದು ಶುರುವಾಗಿದೆ. ಎಡಗಿವಿಗೆ ಅಂಗೈಯಿಂದ ಹೊಡೆದುಕೊಳ್ಳುತ್ತಾಳೆ. ಹೊಡೆದುಕೊಂಡು ಕಿರಿಚುತ್ತಾಳೆ. ಮೇಡಂಗೆ ವಿಡಿಯೋ ತೋರಿಸಿದೆ. ಇದು ನಿಮ್ಮ ಗಮನ ಸೆಳೆಯಲು ಮಾಡುವುದು, ನೀವು ಓಡಿ ಹೋದಷ್ಟೂ ಹೆಚ್ಚಾಗುತ್ತದೆ ಎಂದರು. ಕೈ ತೊಡೆಯ ಮೇಲೆ ಇಡಿಸಿ, ಮುಖ ತಿರುಗಿಸಿ ಕುಳಿತು, ಸುಮ್ಮನಾದ ಮೇಲೆ ಮಾತ್ರ ಗೋಡಂಬಿ ಕೊಡಬೇಕಂತೆ. ಮೊನ್ನೆ ನಲವತ್ತು ನಿಮಿಷ ಕೂತೆ. ಇವರು ಗ್ಯಾಲರಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅತ್ತೆ, ನಿಮ್ಮ ಹತ್ತಿರ ಇದ್ದಾಗ ಅವಳು ಕಿವಿಗೆ ಹೊಡೆದುಕೊಂಡದ್ದುಂಟೇ? ನೀವು ಇಷ್ಟು ಮಕ್ಕಳನ್ನು ನೋಡಿದವರು. ನಾನು ಏನು ಮಾಡಲಿ?

ನಿಮ್ಮ ಸೊಸೆ,
ರುಚಿತಾ


ಛತ್ರಪತಿ ಸಂಭಾಜಿನಗರ
17 ಜುಲೈ 2024

ರುಚಿತಾ,

ನನ್ನ ಹತ್ತಿರ ಇದ್ದಾಗ ಅವಳು ಕಿವಿ ಮುಟ್ಟಿಕೊಂಡದ್ದೇ ಇಲ್ಲ. ಇದರ ಕೆಳಗೆ ಎರಡು ಸಾಲು ಬರೆದು ಹೊಡೆದು ಹಾಕಿದ್ದೇನೆ. ಮುದುಕಿಯ ತಲೆಹರಟೆ, ಬಿಟ್ಟು ಮುಂದೆ ಓದು.

ನೀನು ಕೇಳಿದೆ ಎಂದು ಹೇಳುತ್ತೇನೆ. ಒಂದನೇ ಇಯತ್ತೆಗೆ ಹೊಸದಾಗಿ ಬರುವ ಹುಡುಗಿಯರು ಬಾಗಿಲು ಹಿಡಿದುಕೊಂಡು ಅಳುತ್ತಿದ್ದರು. ತಾಯಂದಿರು ಕಿಟಕಿಯಲ್ಲಿ ಇಣುಕಿದಷ್ಟೂ ಅಳು ಜೋರಾಗುತ್ತಿತ್ತು. ನಾನು ತಾಯಂದಿರನ್ನು ಗದರಿಸಿ ಅಟ್ಟಿಬಿಡುತ್ತಿದ್ದೆ. ಎಂಟು ದಿನದಲ್ಲಿ ಎಲ್ಲ ಸರಿ. ಸುಮಂಗಲಾ ಅಕ್ಕಾವರ ವರ್ಗದಲ್ಲಿ ಅಳುವ ಮಗುವೇ ಇಲ್ಲ ಎಂದು ಊರಲ್ಲಿ ಹೆಸರಿತ್ತು. ಮೇಡಂ ಭಾಷೆಯ ವಿಷಯದಲ್ಲಿ ಏನಾದರೂ ಹೇಳಲಿ, ಇದರಲ್ಲಿ ಹೇಳಿದ್ದು ಖರೆ ಅನಿಸುತ್ತದೆ. ಗಟ್ಟಿ ಮನಸ್ಸು ಮಾಡು. ಮುಖ ತಿರುಗಿಸು. ಗುರುಬಸವನ ಹಾಗೆ ಓಡಿ ಹೋಗಬೇಡ, ಅಲ್ಲೇ ಕುಳಿತು ತಿರುಗಿಸು.

ಇಲ್ಲಿ ಭಾನುಮತಿ ಒಂಬತ್ತಕ್ಕೆ ಆಫೀಸಿಗೆ ಹೋದರೆ ಸಂಜೆ ಆರರವರೆಗೆ ನಾನು ಗೋಡೆಗಳ ಜೊತೆ ಕನ್ನಡ ಮಾತಾಡಿಕೊಂಡಿರುತ್ತೇನೆ. ಈಗಿನಿಂದ ಸರಿಯಾಗಿ ಹಿಡಿದರೆ ದೀಪಾವಳಿಗೆ ತೊಂಬತ್ತು ದಿನ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ.

ಸುಮಂಗಲಾ


ನಾಸಿಕ
19 ಸೆಪ್ಟೆಂಬರ್ 2024

ಅತ್ತೆಯವರಿಗೆ,

ನಿಮಗೆ ಖುಷಿಯಾಗುವ ಸುದ್ದಿ. ನಿನ್ನೆಗೆ ಐವತ್ತೆಂಟು ಚುಕ್ಕಿ!

ನೀವು ಹೇಳಿದ ಹಾಗೇ ಮಾಡಿದೆ. ನಿಮ್ಮ ಕಾಗದ ಬಂದ ದಿನವೇ ಗಟ್ಟಿಯಾಗಿ ಕುಳಿತೆ, ಎರಡು ತಾಸು ಕುಳಿತೆ. ಮೂರನೇ ದಿನಕ್ಕೆ ಅವಳು ಕೈಯನ್ನು ತಾನಾಗಿ ತೊಡೆಯ ಮೇಲೆ ಇಟ್ಟುಕೊಂಡಳು. ಅವತ್ತಿನಿಂದ ಒಂದು ದನಿಯಿಲ್ಲ. ಸೆಂಟರಿನವರು ಅವಳ ಫೋಟೋವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ, ನೋಡಿ ಎಂಥ ಬದಲಾವಣೆ ಎಂದು ಬರೆದಿದ್ದಾರೆ. ಬೇರೆ ತಾಯಂದಿರು ನನ್ನನ್ನು ಸಲಹೆ ಕೇಳುತ್ತಾರೆ ಅತ್ತೆ, ನನ್ನನ್ನು!

ಗಣಪತಿ ವಿಸರ್ಜನೆಯ ದಿನ ಮನೆಯ ಮುಂದೆಯೇ ಢೋಲು ಬಾರಿಸಿದರು. ಹೋದ ವರ್ಷ ಮಂಚದ ಕೆಳಗೆ ಸೇರಿಕೊಂಡಿದ್ದವಳು ಈ ಸಲ ತಿರುಗಿಯೂ ನೋಡಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಕುಳಿತಿದ್ದಳು. ಈಚೆಗೆ ಹಾಗೆಯೇ ಕೂರುತ್ತಾಳೆ, ಅದೊಂದು ಹೊಸ ಅಭ್ಯಾಸ. ಕಡಕ್ ರೊಟ್ಟಿ ಕಳಿಸಬೇಡಿರಿ, ಈಗ ತಿನ್ನುವುದಿಲ್ಲ. ಮೆತ್ತಗಿನ ಅನ್ನ ಸಾಕು ಅವಳಿಗೆ. ಆಗೀಗ ಮೈ ಬಿಸಿ ಇರುತ್ತದೆ, ಈ ಹವೆಯಲ್ಲಿ ಎಲ್ಲರಿಗೂ ಇರುವುದೇ.

ಇವರು ಅಕ್ಟೋಬರ್ 27ಕ್ಕೆ ನಿಮ್ಮ ಟಿಕೀಟು ತೆಗೆದಿದ್ದಾರೆ.

ರುಚಿತಾ


ಛತ್ರಪತಿ ಸಂಭಾಜಿನಗರ
3 ನವೆಂಬರ್ 2024

ರುಚಿತಾ,

ಟಿಕೀಟು ರದ್ದು ಮಾಡಿದ್ದು ಗೊತ್ತಾಯಿತು. ಆಪರೇಷನ್ ಆಗಿದೆ, ಬರಬೇಡಿ ಎಂದು ಗುರುಬಸವ ಭಾನುಮತಿಗೆ ಎರಡೇ ಮಾತು ಹೇಳಿ ಫೋನಿಟ್ಟನಂತೆ. ಯಾತರ ಆಪರೇಷನ್? ಯಾರಿಗೆ? ಪ್ರಾಚಿಗಾದರೆ ಎಲ್ಲಿ? ಭಾನುಮತಿ ನನ್ನ ಮುಖ ನೋಡಿ ಮಾತು ತೇಲಿಸುತ್ತಾಳೆ. ನಾನೇನು ಎಳೆಗೂಸೇ?

ಒಂದು ಸಾಲು ಬರೆ. ಕೈ ಮುಗಿಯುತ್ತೇನೆ.

ಸುಮಂಗಲಾ


ನಾಸಿಕ
24 ನವೆಂಬರ್ 2024

ಅತ್ತೆಯವರಿಗೆ,

ಪ್ರಾಚಿಯ ಎಡಗಿವಿ ಹೋಯಿತು. ಇನ್ನು ಆ ಕಿವಿ ಕೇಳಿಸುವುದಿಲ್ಲ. ಜೀವ ಉಳಿದಿದೆ.

ಚಾರ್ಟಿನ ಎಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ ತಲೆ ಬಾಚುವಾಗ ಕಿವಿಯ ಹಿಂದೆ ಕೆಂಪಗೆ ಊದಿಕೊಂಡದ್ದು ಕಂಡಿತು. ಬಾಚಣಿಗೆ ತಾಕಿದರೂ ಅವಳು ಮಿಸುಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾಗದೆ ಬಿದ್ದಳು. ಕಿವಿಯೊಳಗಿನ ಕೀವು ಹಿಂದಿನ ಎಲುಬಿಗೆ ಇಳಿದಿತ್ತು. ಎಲುಬು ಕೊರೆದು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಮೆದುಳಿಗೆ ಏರುತ್ತಿತ್ತು ಎಂದರು ಡಾಕ್ಟರು. ಕನಿಷ್ಠ ಮೂರು ತಿಂಗಳ ನೋವು ಇದು, ದೊಡ್ಡವರೂ ತಡೆಯಲಾರರು, ಮಗು ಅಳಲಿಲ್ಲವೇ ಎಂದು ಕೇಳಿದರು. ಇವರು ನೆಲ ನೋಡಿದರು. ನಾನು ಹೇಳಿದೆ: ಅಳುವುದನ್ನು ಬಿಡಿಸಿದ್ದೇವೆ.

ಸೆಂಟರಿನವರು ಹೂವು ಕಳಿಸಿದರು. ಇದು ವೈದ್ಯಕೀಯ ವಿಷಯ, ಥೆರಪಿಗೂ ಇದಕ್ಕೂ ಸಂಬಂಧವಿಲ್ಲ ಎಂದರು.

ಇನ್ನೊಂದು ಮಾತು. ಜುಲೈ ತಿಂಗಳ ನಿಮ್ಮ ಕಾಗದದಲ್ಲಿ ನೀವು ಹೊಡೆದು ಹಾಕಿದ ಎರಡು ಸಾಲನ್ನು ನಾನು ಅವತ್ತೇ ಕಿಟಕಿಯ ಬೆಳಕಿಗೆ ಹಿಡಿದು ಓದಿದ್ದೆ. “ಕಿವಿಯೊಳಗೆ ಏನಾದರೂ ಆಗಿರಬಹುದು, ಒಮ್ಮೆ ಡಾಕ್ಟರಿಗೆ ತೋರಿಸು.” ಓದಿ ಮಡಚಿ ಇಟ್ಟೆ. ಅತ್ತೆಯೇ ಹೊಡೆದು ಹಾಕಿದ್ದಾರೆ ಎಂದರೆ ಅದರಲ್ಲಿ ಏನೂ ಇರಲಿಕ್ಕಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಡಾಕ್ಟರ ಹತ್ತಿರ ಹೋದರೆ ಅಲ್ಲಿ ಕಿರಿಚುತ್ತಾಳೆ, ಚುಕ್ಕಿ ಹೋಗುತ್ತದೆ. ನಾನು ಮಾಡಿದ ಲೆಕ್ಕ ಅದು. ನೀವು ಯಾಕೆ ಹೊಡೆದು ಹಾಕಿದಿರಿ ಅತ್ತೆ? ಬರೆಯದೇ ಇದ್ದಿದ್ದರೆ ನಾನು ನಿಮ್ಮನ್ನು ಏನೂ ಕೇಳುತ್ತಿರಲಿಲ್ಲ.

ರುಚಿತಾ


ಛತ್ರಪತಿ ಸಂಭಾಜಿನಗರ
2 ಡಿಸೆಂಬರ್ 2024

ರುಚಿತಾ,

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಮೂರು ಸಲ ಬರೆದು ಹರಿದೆ, ಪ್ರತಿ ಸಲವೂ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತಿದ್ದೆ.

ಡಾಕ್ಟರಿಗೆ ತೋರಿಸು ಎಂದು ಬರೆದ ಕೂಡಲೇ ನನಗೆ ಗುರುಬಸವನ ಮುಖ ಕಂಡಿತು. ಇದಕ್ಕೇ ಅವ್ವನನ್ನು ಕಳಿಸಿದ್ದು, ಅಲ್ಲಿ ಕುಳಿತೂ ನಡುವೆ ಬಾಯಿ ಹಾಕುತ್ತಾಳೆ ಎಂದುಕೊಳ್ಳುತ್ತಾನೆ ಅನಿಸಿತು. ಮೇಡಂ ಕಿವಿಗೆ ಬಿದ್ದರೆ ತೊಂಬತ್ತನ್ನು ನೂರೆಂಬತ್ತು ಮಾಡಿಯಾರು ಅನಿಸಿತು. ನನಗೆ ವಾಪಸು ಬರಬೇಕಿತ್ತು. ದೀಪಾವಳಿಗೆ ಆ ಮನೆಯಲ್ಲಿ ಇರಬೇಕಿತ್ತು. ಆ ಆಸೆಗೆ ನನ್ನ ಮೊಮ್ಮಗಳ ಬಾಯಿ ಮುಚ್ಚಲಿ ಎಂದು ಬಯಸಿದೆ, ಮುಚ್ಚಿಸುವುದು ಹೇಗೆ ಎಂದು ನಿನಗೆ ಪಾಠವನ್ನೂ ಮಾಡಿದೆ. ನೀನು ಬೆಳಕಿಗೆ ಹಿಡಿದು ಓದಿದೆ, ಸರಿ. ಬರೆದವಳು ನಾನು, ಮುಚ್ಚಿದವಳೂ ನಾನು. ನಿನ್ನ ಪಾಲನ್ನು ನೀನು ಹೊರು, ನನ್ನ ಪಾಲಿಗೆ ಕೈ ಹಾಕಬೇಡ.

ಈಗ ಬಾಗಿಲು ಹಿಡಿದು ಅಳುತ್ತಿದ್ದ ಆ ಹುಡುಗಿಯರೆಲ್ಲ ನೆನಪಿಗೆ ಬರುತ್ತಾರೆ. ಒಬ್ಬಳನ್ನೂ ಯಾಕಳುತ್ತೀ ಎಂದು ಕೇಳಿದವಳಲ್ಲ ನಾನು. ಹೆಸರು ಗಳಿಸಿದೆ, ಹಾಳು ಹೆಸರು.

ಇಲ್ಲಿ ರಾಜೀವಿ ಎಂಬುವಳೊಬ್ಬಳು ಇಂಥ ಮಕ್ಕಳಿಗೆ ಕಲಿಸುತ್ತಾಳೆ, ಉಡುಪಿ ಕಡೆಯವಳು. ಭಾನುಮತಿಯ ಆಫೀಸಿನವರೊಬ್ಬರ ಮಗು ಅಲ್ಲಿಗೆ ಹೋಗುತ್ತದೆ. ನಾನೇ ಆಟೋ ಮಾಡಿಕೊಂಡು ಹೋಗಿ ಎರಡು ದಿನ ಅವಳ ಕೋಣೆಯ ಮೂಲೆಯಲ್ಲಿ ಕುಳಿತು ನೋಡಿದೆ. ಒಂದು ಮಗು ತಲೆ ಗೋಡೆಗೆ ಬಡಿದುಕೊಂಡಿತು. ಅವಳು ಮೊದಲು ತನ್ನ ಅಂಗೈಯನ್ನು ಗೋಡೆಗೂ ತಲೆಗೂ ನಡುವೆ ಇಟ್ಟಳು. ಆಮೇಲೆ ಹಲ್ಲು, ಹೊಟ್ಟೆ, ಕಿವಿ, ನಿದ್ದೆ ಎಲ್ಲವನ್ನೂ ತಾಯಿಗೆ ಕೇಳಿದಳು. ನಮ್ಮ ಪ್ರಾಚಿಯ ಕತೆ ಹೇಳಿದೆ. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. “ನಾನೂ ಹತ್ತು ವರ್ಷ ಮಕ್ಕಳ ಕೈ ಒತ್ತಿ ಹಿಡಿದು ಕೂರಿಸಿದವಳೇ ಅಮ್ಮ, ನನಗೆ ಬೈಲಿಕ್ಕೆ ಬಾಯಿಲ್ಲ” ಎಂದಳು. ಶನಿವಾರ ಶನಿವಾರ ನಾಸಿಕಕ್ಕೆ ಬರುತ್ತಾಳೆ. ನಂಬರು ಇದರ ಜೊತೆ ಇಟ್ಟಿದ್ದೇನೆ. ನಾನು ಹೇಳಿದೆ ಎಂದು ಕರೆಯಬೇಡ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇಲ್ಲ. ನೀನು ನೋಡಿ, ನಿನಗೆ ಸರಿ ಎನಿಸಿದರೆ ಕರೆ.

ಸುಮಂಗಲಾ


ನಾಸಿಕ
23 ಫೆಬ್ರವರಿ 2025

ಅತ್ತೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟಿತ್ತು. ಈಗ ಇಲ್ಲ ಎಂದಲ್ಲ, ಆದರೆ ಬರೆಯಬಹುದು ಅನಿಸಿತು.

ರಾಜೀವಿ ಬರುತ್ತಾರೆ. ಮೊದಲ ಐದು ವಾರ ಅವರು ಏನೂ ಕಲಿಸಲಿಲ್ಲ. ನೆಲದ ಮೇಲೆ ಕುಳಿತು ಸ್ಟೀಲಿನ ಮುಚ್ಚಳ ಗಿರಕಿ ಹೊಡೆಸುತ್ತಿದ್ದರು, ಪ್ರಾಚಿ ನೋಡಿದರೆ ನೋಡಿದಳು. ಇವರಂತೂ “ಇದೇನ ಥೆರಪಿನೋ, ಮಕ್ಕಳಾಟನೋ” ಎಂದು ಒಳಗೆ ಹೋದರು. ನನಗೂ ಹಾಗೇ ಅನಿಸಿತ್ತು. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯಿತು ಎಂದು. ನಾನು ಅತ್ತುಬಿಟ್ಟೆ, ಅವರು ಸುಮ್ಮನೆ ಪಕ್ಕದಲ್ಲಿ ಕುಳಿತರು.

ಭಾಷೆಯ ವಿಷಯ ಹೇಳಿದಾಗ ಅವರು ಹಣೆ ಹಿಡಿದುಕೊಂಡರು. ಮನೆಯ ಮಾತು ಬಿಡಿಸಿದರೆ ಮಗುವಿಗೆ ಒಳ್ಳೆಯದು ಎಂದು ಯಾರು ಹೇಳಿದ್ದು, ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ಕೆಡುಕಿಲ್ಲ ಎಂದರು. ಅಷ್ಟೇ ಅತ್ತೆ, ಒಂದು ನಿಮಿಷದ ಮಾತು. ಅದಕ್ಕಾಗಿ ನಿಮ್ಮನ್ನು ಕಳಿಸಿದೆವು.

ಪ್ರಾಚಿಗೆ ಅವರು ಕಲಿಸಿದ ಮೊದಲ ಪಾಠ ‘ಬೇಡ’. ಬಾಯಲ್ಲಿ ಬಾರದಿದ್ದರೆ ಅಂಗೈಯಿಂದ ತಳ್ಳಿದರೂ ಸಾಕು. ತಳ್ಳಿದ ಕೂಡಲೇ ಎದುರಿಗಿದ್ದವರು ನಿಲ್ಲಿಸಬೇಕು, ಯಾರೇ ಆಗಲಿ. ಔಷಧ, ರಸ್ತೆ ದಾಟುವುದು ಇಂಥ ನಾಲ್ಕು ವಿಷಯ ಬಿಟ್ಟು. “ಅವಳ ಬೇಡಕ್ಕೆ ಬೆಲೆ ಉಂಟು ಅಂತ ಅವಳಿಗೆ ಮೊದಲು ಗೊತ್ತಾಗಲಿ, ಮತ್ತೆ ಬೇಕು ಅನ್ನುದು ಕಲಿಸುವ” ಎನ್ನುತ್ತಾರೆ. ಮನೆ ರಣರಂಗವಾಗಿದೆ. ಅನ್ನ ಬೇಡ, ಅಂಗಿ ಬೇಡ, ನಾನು ಬೇಡ. ಆದರೆ ಫೆಬ್ರವರಿ 2ರಂದು ಬಾಗಿಲಿಗೆ ಬೆರಳು ಸಿಕ್ಕಿ ಅತ್ತಳು. ಗಟ್ಟಿಯಾಗಿ ಅತ್ತಳು, ಆರು ತಿಂಗಳಿಗೆ. ನಾನು ಅಡುಗೆಮನೆಯಿಂದ, ಇವರು ಬಚ್ಚಲಿನಿಂದ ಓಡಿ ಬಂದು ಬಾಗಿಲಲ್ಲಿ ಡಿಕ್ಕಿ ಹೊಡೆದೆವು. ಅವಳು ಇಬ್ಬರನ್ನೂ ನೋಡಿ ಇನ್ನೂ ಜೋರಾಗಿ ಅತ್ತಳು.

ಏಪ್ರಿಲ್ ಮೊದಲ ವಾರ ಬನ್ನಿರಿ. ಮನೆಯಲ್ಲಿ ಈಗ ಕನ್ನಡ ಮಾತಾಡುತ್ತೇವೆ. ಬಂದು ಇಲ್ಲೇ ಇರಿ ಎಂದು ಇವರೂ ಹೇಳುತ್ತಾರೆ.

ರುಚಿತಾ


ಛತ್ರಪತಿ ಸಂಭಾಜಿನಗರ
7 ಏಪ್ರಿಲ್ 2025

ರುಚಿತಾ,

ಹೇಳದೆ ಕೇಳದೆ ನಾಸಿಕದಿಂದ ಮೊದಲ ಬಸ್ಸಿಗೆ ವಾಪಸು ಬಂದುಬಿಟ್ಟೆ ಎಂದು ನಿಮಗೆ ಬೇಸರವಾಗಿದೆ. ಗುರುಬಸವ ಬಸ್‌ಸ್ಟ್ಯಾಂಡಿಗೆ ಓಡಿ ಬಂದು ಕಿಟಕಿ ಹಿಡಿದುಕೊಂಡು ನಿಂತಿದ್ದ. “ಸಣ್ಣದದ ಅವ್ವಾ, ಅದಕ್ಕೇನು ತಿಳೀತದ, ನಾಲ್ಕು ದಿನಕ್ಕ ಹೊಂದಿಕೊಳ್ತದ” ಎಂದ. ಯಾಕೆ ಬಂದೆ ಎಂದು ನಿನಗೆ ಹೇಳುತ್ತೇನೆ.

ನಾಸಿಕಕ್ಕೆ ಬಂದ ದಿನ ಪ್ರಾಚಿಯ ಬಲಗಡೆ ಕುಳಿತು ಮಾತಾಡಿಸಿದೆ. ನನ್ನ ದನಿ ಕೇಳಿ ತಿರುಗಿದಳು. ಗುರುತು ಹಿಡಿದಳು, ಅದರಲ್ಲಿ ಸಂಶಯವಿಲ್ಲ. ಆಮೇಲೆ ನನ್ನ ಎದೆಗೆ ಅಂಗೈ ಇಟ್ಟು ತಳ್ಳಿದಳು. ನೀನು ಮೆಲ್ಲಗೆ “ಅತ್ತಿ, ಸ್ವಲ್ಪ ದೂರ ಕುಂದರ್ರಿ” ಎಂದೆ, ನಾನು ದೂರ ಕುಳಿತೆ. ಮರುದಿನ ಬೆಳಿಗ್ಗೆ ಮತ್ತೆ ತಳ್ಳಿದಳು, ಮಧ್ಯಾಹ್ನ ಮತ್ತೆ. ಗದ್ದ ಹಿಡಿದು ಮಾತಾಡು ಎಂದು ಎಳೆದಾಗ ಮುಖ ತಿರುಗಿಸಿದವಳು ನಾನು, ಒಂದು ದಿನ ಹೇಳದೆ ಮನೆಯಿಂದ ಹೋದವಳೂ ನಾನು. ಕಾರಣ ಏನೋ, ಅವಳಿಗೇ ಗೊತ್ತು.

ಸಂಜೆ ನೀನು ಹಾಲು ತರಲು ಕೆಳಗೆ ಹೋಗಿದ್ದೆ. ಗುರುಬಸವನಿಗೆ ನನ್ನನ್ನು ನೋಡಿ ಮರುಕ ಬಂತು. ಅವಳನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂಡಿಸಿದ. ಅವಳು ತಳ್ಳಿದಳು. ಅವನು ಆ ಕೈಗಳನ್ನು ಹಿಡಿದು, “ಅಜ್ಜಿ ಅದಾಳ, ಪ್ರಾಚಿ, ಕುಂದ್ರು” ಎಂದ.

ಕುಳಿತಳು. ಹಿಡಿದ ಕೈ ಬಿಟ್ಟರೂ ಕುಳಿತೇ ಇದ್ದಳು. ಎರಡೂ ಅಂಗೈ ತನ್ನ ಮೊಣಕಾಲ ಮೇಲೆ, ಬೆನ್ನು ನೆಟ್ಟಗೆ, ಕಣ್ಣು ಗೋಡೆಯ ಮೇಲೆ. ಗುರುಬಸವ ನಕ್ಕ. “ನೋಡು, ಹ್ಯಾಂಗ ಕುಂತಾಳ ಶಾಣ್ಯಾಕಿ” ಎಂದು ಮೊಬೈಲು ತೆಗೆದು ಫೋಟೋ ಹೊಡೆದ. ಆ ಫೋಟೋ ನಿನಗೆ ಕಳಿಸಿದ್ದರೆ ಅಳಿಸಿಬಿಡು.

ಹತ್ತು ತಿಂಗಳು ನಾನು ಬಯಸಿದ್ದು ಅದೊಂದನ್ನೇ ರುಚಿತಾ. ಅವಳ ತಲೆ ನನ್ನ ಗದ್ದದ ಕೆಳಗೆ ಇತ್ತು. ಮಾಸದ ಹೊಲಿಗೆಯ ಗುರುತು ಕಿವಿಯ ಹಿಂದೆ ಕಾಣುತ್ತಿತ್ತು. ನಾನು ಅವಳನ್ನು ಹಾಗೇ ಹಿಡಿದುಕೊಂಡೆ, ಸುಳ್ಳು ಹೇಳುವುದಿಲ್ಲ, ಐದು ನಿಮಿಷ ಹಿಡಿದುಕೊಂಡೆ. ಅವಳು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದಳು. ಇಡೀ ಜೀವಮಾನ ಮಕ್ಕಳನ್ನು ಹಾಗೇ ಕೂರಿಸಿದವಳು ನಾನು. ಅದು ಬಂದು ಕುಳಿತ ಮಗು ಅಲ್ಲ ಎಂದು ನನಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ನಾನು ಅಲ್ಲೇ ಇದ್ದರೆ ಗುರುಬಸವ ನನ್ನ ಮೇಲಿನ ಪ್ರೀತಿಗೆ ನಾಳೆಯೂ ಅವಳ ಕೈ ಹಿಡಿಯುತ್ತಾನೆ. ಒಂದು ದಿನ ನೀನೂ ಹಿಡಿಯುತ್ತೀ. ನಾನು ಬೇಡ ಎನ್ನಲಾರೆ, ನನಗೆ ಅಷ್ಟು ಆಸೆ ಇದೆ. ಅದಕ್ಕೇ ಬಂದೆ. ಅವಳಾಗಿ ಕೇಳುವವರೆಗೆ ನನ್ನ ಹೆಸರನ್ನು ಅವಳ ಮುಂದೆ ಎತ್ತಬೇಡಿ, ನನ್ನ ಪರವಾಗಿ ಕೇಳಲೂ ಬೇಡಿ. ಕೇಳದೇ ಹೋದರೂ ಸರಿ.

ಅವತ್ತು ಅವಳನ್ನು ತೊಡೆಯಿಂದ ನಾನೇ ಇಳಿಸಿದೆ. ನೆಲಕ್ಕೆ ಕಾಲು ತಾಕಿದ ಮೇಲೆ ಅವಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ನಾನು ಕೈ ಹಿಂದೆ ತೆಗೆದುಕೊಂಡು ಕಾದೆ. ಆಮೇಲೆ ತಿರುಗಿ ಎರಡೂ ಕೈಯಿಂದ ನನ್ನನ್ನು ತಳ್ಳಿದಳು, ಬಲವಾಗಿ ತಳ್ಳಿದಳು. “ಆತವ್ವಾ” ಎಂದು ನಾನು ಎದ್ದೆ.

ನಿನ್ನ ಅತ್ತೆ,
ಸುಮಂಗಲಾ